ಸ್ಟೇಶನ್ ಬಜಾರದಲ್ಲಿ ವಿಕ್ಟೋರಿಯಾ: ‘ಇಳಿದಿರಬೇಕು’ ಎಂಬ ಕ್ರಿಯಾಪದದ ಚಾರಿತ್ರಿಕ ಮಹತ್ವ

ನಾಟಕದವರನ್ನು ತಲೆಮೇಲೆ ಹೊತ್ತು ಮೆರೆಸುವ ಚಟ ಲಂಡನ್ನಿನಲ್ಲಿ ಹುಟ್ಟಿತೆಂದು ನಂಬುವ ಪಂಡಿತರಿದ್ದಾರೆ. 1882ರಲ್ಲಿ ನಟಿ ಲಿಲ್ಲಿ ಲ್ಯಾಂಗ್ಟ್ರಿ ಪಿಯರ್ಸ್ ಸಾಬೂನಿನ ಜಾಹೀರಾತಿಗೆ ಹೆಸರು ಕೊಟ್ಟಳು. 1895ರಲ್ಲಿ ಹೆನ್ರಿ ಇರ್ವಿಂಗ್ ‘ಸರ್’ ಆದ. ನಟನೊಬ್ಬನಿಗೆ ಆ ಪದವಿ ಸಿಕ್ಕದ್ದು ಅದೇ ಮೊದಲು. ಇವೆರಡನ್ನೂ ಈ ಪ್ರಬಂಧ ಅಲ್ಲಗಳೆಯುವುದಿಲ್ಲ, ತಡವಾಯಿತು ಎನ್ನುತ್ತದೆ ಅಷ್ಟೇ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ‘ಸರ’ ಆಗಲು ರಾಣಿಯ ಅಪ್ಪಣೆ ಬೇಡ. ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಸಾಕು. ಮೂಲ ಎಲ್ಲಿದೆ ಎಂಬುದು ಇಷ್ಟರಿಂದಲೇ ಸ್ಪಷ್ಟ. ನನ್ನ ಮನೆಯೂ ಅದೇ ಓಣಿಯಲ್ಲಿರುವುದು ಕಾಕತಾಳೀಯ.

ಈಗ ಪ್ರಮಾಣಗಳು. ರಾಣಿಯ ಹೆಸರು ಹೊತ್ತ ವಿಕ್ಟೋರಿಯಾ ನಾಟಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1868ರಲ್ಲಿ. ಹೈದರಾಬಾದಿನ ದಿವಾನ ಸಾಲಾರ್ ಜಂಗರ ಕರೆಯ ಮೇರೆಗೆ ಆ ಪಾರ್ಸಿ ಕಂಪನಿ 1872ರಲ್ಲಿ ಅಲ್ಲಿಗೆ ಹೊರಟಿತು. ಮುಂಬಯಿ ಮತ್ತು ಮದ್ರಾಸಿನ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲು ಓಡಿದ್ದು 1874ರಲ್ಲಿ. ಅಂದಮೇಲೆ ನಡುವಿನ ಆ ವರ್ಷ ಕಂಪನಿ ನಮ್ಮ ಸೀಮೆಯಲ್ಲೆಲ್ಲೋ ರೈಲಿಳಿದು, 200 ಕಿಲೋಮೀಟರಿಗೂ ಮಿಕ್ಕ ದಾರಿಗೆ ಎತ್ತಿನ ಗಾಡಿ ಹೂಡಿಸಿರಬೇಕು. ಕಲಬುರಗಿಯಲ್ಲೇ ಇಳಿದಿರಬೇಕು. ವಾಡಿಯಲ್ಲೇಕೆ ಇಳಿದಿರಬಾರದು ಎಂಬ ಪೂರ್ವಪಕ್ಷವೊಂದುಂಟು. ಅದನ್ನು ಎತ್ತಿದವರು ವಾಡಿಯವರು. ಶಹಾಬಾದದವರೂ ಎದ್ದು ನಿಲ್ಲುವ ಸಂಭವ ಇರುವುದರಿಂದ ಚರ್ಚೆಯನ್ನು ಇಲ್ಲಿಗೇ ಮುಗಿಸಲಾಗಿದೆ.

ವೈಯಾಕರಣರು ಗಮನಿಸಬೇಕು. ‘ಇಳಿದರು’ ಎಂದರೆ ಸಾಕ್ಷಿ ಕೇಳುತ್ತಾರೆ. ‘ಇಳಿದಿರಬಹುದು’ ಎಂದರೆ ಪಿಎಚ್‌.ಡಿ. ಕೊಡುವುದಿಲ್ಲ. ‘ಇಳಿದಿರಬೇಕು’ ಎಂದರೆ ಅನುಮಾನವೂ ಆಯಿತು, ಆಸೆಯೂ ಆಯಿತು. ಕರ್ನಾಟಕದ ಸ್ಥಳಪುರಾಣಗಳೆಲ್ಲ ಈ ಒಂದು ‘ಬೇಕು’ವಿನ ಮೇಲೆ ನಿಂತಿವೆ.

ಸರಿ, ಇಳಿದರು. ಪರದೆಗಳ ಸುರುಳಿ, ತಗಡಿನ ಕಿರೀಟ, ಗದೆ ಎಲ್ಲ ಇಳಿದವು. ಹೆಣ್ಣಿನ ಪಾರ್ಟನ್ನು ಗಂಡಸರೇ ಮಾಡುತ್ತಿದ್ದ ಕಾಲ. ಆದಕಾರಣ ನಾಯಕಿ ಪ್ಲಾಟ್‌ಫಾರ್ಮಿನ ಮೇಲೆ ಕೂತು ಗಡ್ಡ ಹೆರೆಸಿಕೊಂಡಿರಬೇಕು. ಸುತ್ತ ನಿಂತು ಬಾಯಿ ತೆರೆದು ನೋಡಿದ ಜನವೇ ಜಗತ್ತಿನ ಪ್ರಥಮ ಅಭಿಮಾನಿ ಬಳಗ. ಲಿಲ್ಲಿಗಿಂತ ಹತ್ತು ವರ್ಷ ಮೊದಲು, ಸಾಬೂನಿನ ನೊರೆ ಸಹಿತ.

ಗಾಡಿಗಳು ಹುಮನಾಬಾದ್ ದಾರಿ ಹಿಡಿದರೆ ನಡುವೆ ಕಮಲಾಪುರ. ಎತ್ತು ಬಿಚ್ಚಿರಬೇಕು; ಅಲ್ಲಿ ಕೆಂಪು ಬಾಳೆ ಆಗಲೇ ಇದ್ದಿರಬೇಕು. ಭೌಗೋಳಿಕ ಸೂಚಕದ ಮುದ್ರೆ ಪಡೆದ ಈ ಹಣ್ಣು ಮೈತುಂಬ ಬಣ್ಣ ಬಳಿದುಕೊಂಡು ರಸ್ತೆಬದಿ ನಿಲ್ಲುತ್ತದೆ, ಹಳದಿ ಬಾಳೆಗಿಂತ ಜಾಸ್ತಿ ರೇಟು ಹೇಳುತ್ತದೆ, ಕೊಂಡವರು ಊರಿಗೆ ಒಯ್ದು ನಾಲ್ಕು ಜನಕ್ಕೆ ತೋರಿಸಿಯೇ ತಿನ್ನುತ್ತಾರೆ. ನಟರಿಂದ ಹಣ್ಣು ಕಲಿಯಿತೋ, ಹಣ್ಣಿನಿಂದ ನಟರು ಕಲಿತರೋ ಎಂಬುದು ಎರಡನೆಯ ಸಂಪುಟದ ವಿಷಯ. ಸಂಶೋಧನೆಗೆಂದು ಒಂದು ಡಜನ್ ತಂದಿದ್ದೆ. ಮನೆಯವರು ಸಾಕ್ಷ್ಯ ಉಳಿಸಲಿಲ್ಲ.

ಕ್ಷೇತ್ರಕಾರ್ಯಕ್ಕೆ ಸ್ಟೇಶನ್ ಹತ್ತಿರದ ಗೋಡೆಯೊಂದನ್ನು ಆರಿಸಿದೆ. ಪೋಸ್ಟರಿನ ವಿಷಯದಲ್ಲಿ ಈ ಊರು ಹಗುರಲ್ಲ: ಮುಂಬಯಿಗೆ ಹೋಗಿ ಸಿನಿಮಾದವರ ಮುಖಗಳಿಗೆ ಬಣ್ಣ ತುಂಬಿದ ಎಸ್.ಎಂ. ಪಂಡಿತ್ ಇಲ್ಲಿಯವರೇ, ಇಲ್ಲಿಯ ರಂಗಮಂದಿರಕ್ಕೆ ಅವರದೇ ಹೆಸರು. ನೀರು ಚಿಮುಕಿಸಿ ಪದರ ಪದರವಾಗಿ ಕೆರೆದೆ. ಮೇಲೆ ಟ್ಯೂಶನ್ ಕ್ಲಾಸು, ಅದರಡಿ ಮೂಲವ್ಯಾಧಿ, ಅದರಡಿ ಸಿನಿಮಾ, ಅದರಡಿ ಜಾತ್ರೆಯ ನಾಟಕ ಕಂಪನಿ, ಅದರಡಿ ಸುಣ್ಣ. ಸುಣ್ಣದಲ್ಲೊಂದು ಮೊಳೆ. 1872ರದೇ ಇರಬೇಕು.

“ಸರ, ಗ್ವಾಡಿ ಯಾಕ ಕೆರೀಲಕತ್ತೀರಿ?” ಎಂದ ಪಕ್ಕದ ಚಹಾದಂಗಡಿಯವ.

ಸಿದ್ಧಾಂತ ಪೂರ್ತಿ ಹೇಳಿದೆ.

“ಇಳದ್ರು, ಖರೇ. ಚಹಾ ಕುಡದ್ರೇನು?”

“ಕುಡಿದಿರಬೇಕು.”

“ರೊಕ್ಕ ಕೊಟ್ರೇನು?”

ದಾಖಲೆ ನೋಡುವುದೇ ಸರಿಯೆಂದು ಅವನ ಉದ್ರಿ ವಹಿ ತೆಗೆಸಿದೆ. ವಿಕ್ಟೋರಿಯಾ ಕಂಪನಿಯ ಲೆಕ್ಕ ಇರಲಿಲ್ಲ. ನನ್ನದು ಇತ್ತು, ಹೆಸರಿಲ್ಲದೆ: ‘ಗ್ವಾಡಿ ಸರ, 4 ಚಹಾ.’