ಹೆಬ್ಬಾತಿನ ಮತ್ಸ್ಯತ್ವ ನಿರ್ಣಯ

ವಿಷಯ: ಚಳಿಗಾಲದಲ್ಲಿ ಐರ್ಲೆಂಡಿನ ಕಡಲಂಚಿಗೆ ಬಂದಿಳಿಯುವ ಬಾರ್ನಕಲ್ ಹೆಬ್ಬಾತು. ಸಂಶಯ: ಅದು ಹಕ್ಕಿಯೋ, ಮೀನೋ?

ಕೊಕ್ಕು, ರೆಕ್ಕೆ ನೋಡಿ ಹಕ್ಕಿ ಎಂದುಬಿಡುವುದು ಪಾಮರರ ಪದ್ಧತಿ. ಪಂಡಿತನಾದವನು ಮೊದಲು ವಾರ ಯಾವುದೆಂದು ವಿಚಾರಿಸಬೇಕು. ಶುಕ್ರವಾರಗಳಲ್ಲೂ ಈಸ್ಟರಿಗೆ ಮುಂಚಿನ 40 ದಿನಗಳ ಉಪವಾಸದಲ್ಲೂ ಮಧ್ಯಯುಗದ ಕ್ಯಾಥೊಲಿಕರಿಗೆ ಮಾಂಸ ವರ್ಜ್ಯವಾಗಿತ್ತು, ಮೀನಿಗೆ ಅಡ್ಡಿಯಿರಲಿಲ್ಲ. ಆದಕಾರಣ ಹೆಬ್ಬಾತು ಮೀನೇ ಎಂಬುದು ಸಿದ್ಧಾಂತ. ಇನ್ನು ಪ್ರಮಾಣಗಳನ್ನು ಹುಡುಕೋಣ.

ಅನುಪಲಬ್ಧಿ: ಈ ಬಾತಿನ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಆ ಕಾಲದ ಐರಿಷರು ಯಾರೂ ಕಂಡಿರಲಿಲ್ಲ. ಅನುಮಾನ: ಅಲೆಗಳಲ್ಲಿ ತೇಲಿಬಂದ ದಿಮ್ಮಿಗೆ ಕಚ್ಚಿಕೊಂಡ ಚಿಪ್ಪುಜೀವಿಯನ್ನು ಬಗ್ಗಿ ನೋಡಿ. ಕಪ್ಪನೆಯ ತೊಟ್ಟು, ತುದಿಗೆ ಬಿಳಿ ಚಿಪ್ಪು, ಚಿಪ್ಪು ಬಿರಿದಲ್ಲಿ ಪುಕ್ಕದ ಹಾಗೆ ಆಡುವ ಎಳೆಗಳು. ಬಾತಿನದೂ ಕಪ್ಪು ಕತ್ತು, ಬಿಳಿ ಮುಖ. ಬಾತು ಹುಟ್ಟುವುದು ಆ ಚಿಪ್ಪಿನಿಂದಲೇ ಎನ್ನಲು ಇನ್ನೇನು ಬೇಕು? ಶಬ್ದ: ವೇಲ್ಸಿನ ಪಾದ್ರಿ ಜೆರಾಲ್ಡ್ 1188ರ ಸುಮಾರಿನ ತನ್ನ ಐರ್ಲೆಂಡ್ ವರ್ಣನೆಯಲ್ಲಿ, ಒಂದೇ ದಿಮ್ಮಿಗೆ ಸಾವಿರಕ್ಕೂ ಮಿಕ್ಕಿ ಮರಿಗಳು ಜೋತುಬಿದ್ದಿದ್ದನ್ನು ಕಣ್ಣಾರೆ ಕಂಡೆನೆನ್ನುತ್ತಾನೆ. ಮಾಂಸದಿಂದ ಹುಟ್ಟಿದ್ದಲ್ಲವೆಂದು ಬಿಷಪ್ಪರೇ ಉಪವಾಸದಲ್ಲಿ ಅದನ್ನು ತಿನ್ನುತ್ತಿದ್ದರೆಂದೂ ಅವನೇ ತಿಳಿಸುತ್ತಾನೆ.

ಆಕ್ಷೇಪವೂ ಅವನದೇ. ಆದಾಮನೂ ಮಾಂಸದಿಂದ ಹುಟ್ಟಿದವನಲ್ಲ. ಹಾಗೆಂದು ಅವನ ತೊಡೆ ತಿಂದರೆ ಮಾಂಸ ತಿಂದಂತಾಗದೇ ಎಂದು ಕೇಳುತ್ತಾನೆ. ಸಮಾಧಾನ: ಆದಾಮನ ತೊಡೆ ಯಾವ ಸಂತೆಯಲ್ಲೂ ಸಿಗದು, ಆದ್ದರಿಂದ ಪ್ರಶ್ನೆ ಅಪ್ರಸ್ತುತ. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಅಂಥ ದಿಮ್ಮಿಗಳನ್ನೇ ತರಿಸಿ ಪರೀಕ್ಷಿಸಿ, ಇದರಲ್ಲಿ ಹಕ್ಕಿಯ ಲಕ್ಷಣವೇ ಇಲ್ಲ, ಬಾತು ಎಲ್ಲೋ ದೂರದಲ್ಲಿ ಗೂಡು ಕಟ್ಟುತ್ತಿರಬೇಕು ಎಂದ. ಹೊಟ್ಟೆ ತುಂಬಿದವರ ಸಂಶೋಧನೆ ಹೀಗೇ ಇರುತ್ತದೆ.

ಎಲ್ಲ ಹಕ್ಕಿಗಳಿಗೂ ಇಂಥ ಶಾಸ್ತ್ರಾಧಾರ ಒದಗುವುದಿಲ್ಲ. ರೆನ್ ಎಂಬ ಪುಟಾಣಿ ಹದ್ದಿನ ಗರಿಗಳಲ್ಲಿ ಅಡಗಿ ಕುಳಿತು, ಎಲ್ಲರಿಗಿಂತ ಮೇಲೆ ಹಾರಿ ಪಕ್ಷಿರಾಜನಾಯಿತೆಂದು ಐರಿಷ್ ಕತೆ. ಡಿಸೆಂಬರ್ 26ರಂದು ಹುಡುಗರು ಆ ರಾಜನನ್ನೇ ಹೊಡೆದು, ಗಿಡದ ಕೊಂಬೆಗೆ ಕಟ್ಟಿ, ಮನೆಮನೆಯಲ್ಲಿ ಕಾಸೆತ್ತುತ್ತಿದ್ದರು. ಅಪರಾಧ? ಸಂತ ಸ್ಟೀಫನ್ ಅಡಗಿದ್ದ ಜಾಗವನ್ನು ತೋರಿಸಿಕೊಟ್ಟಿತೆಂದು ಕೆಲವರು. ಡೋಲಿನ ಮೇಲೆ ಕುಟ್ಟಿ ನಿದ್ದೆಯಲ್ಲಿದ್ದ ವೈಕಿಂಗರನ್ನು ಎಬ್ಬಿಸಿತೆಂದು ಇನ್ನು ಕೆಲವರು. ನಮ್ಮ ಅಭಿಪ್ರಾಯದಲ್ಲಿ ನಿಜವಾದ ದೋಷ ತೂಕದ್ದು: ಹತ್ತು ಗ್ರಾಮಿನ ಹಕ್ಕಿಯನ್ನು ಮೀನು ಮಾಡಿ ಯಾರಿಗೆ ಬಡಿಸುವುದು?

ಐರ್ಲೆಂಡಿಗೆ ಬರುವ ಹೆಬ್ಬಾತುಗಳು ಮೊಟ್ಟೆಯಿಡುವುದು ಗ್ರೀನ್‌ಲ್ಯಾಂಡಿನ ಕಡಿದಾದ ಬಂಡೆಗಳ ಮೇಲೆ. ಅಕ್ಟೋಬರಿನಲ್ಲಿ ಬಂದವು ಹಿಂದಿರುಗುವುದು ಏಪ್ರಿಲಿನಲ್ಲಿ. ಬಿಷಪ್ಪರ ಉಪವಾಸವೂ ಸುಮಾರು ಆ ಹೊತ್ತಿಗೇ ಮುಗಿಯುತ್ತದೆ.