ಹೂಲಿಯ ಪಾಳುಗುಡಿಗಳು: ಬಹುಶಿಸ್ತೀಯ ಅನುಸಂಧಾನದ ಕಡೆಗೊಂದು ಪೂರ್ವಭಾವಿ ಟಿಪ್ಪಣಿ

ಪ್ರಸ್ತಾವನೆ: ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ, ಗುಡ್ಡದ ಬುಡಕ್ಕೆ, ಗುಡಿಗಳು ಬಿದ್ದಿವೆ. ಈ ವಾಕ್ಯ ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ವಿದ್ವತ್ ವಲಯದಲ್ಲಿ ಅದು ಅಮಾನ್ಯ. ತಿದ್ದಿದ ರೂಪ: “ಪ್ರಸ್ತುತ ಗಿರಿಪಾದೀಯ ಭೂದೃಶ್ಯದಲ್ಲಿ ಪವಿತ್ರಾವಕಾಶಗಳ ವಾಸ್ತುನಿಷ್ಠ ಸ್ಥಿತ್ಯಂತರವು ಅಧೋಮುಖಿ ಆಯಾಮವೊಂದನ್ನು ತನ್ನದಾಗಿಸಿಕೊಂಡಿರುವುದನ್ನು ಗುರುತಿಸಬಹುದಾಗಿದೆ.” ಅಂದರೆ, ಗುಡಿಗಳು ಬಿದ್ದಿವೆ.

ಅಧ್ಯಯನ ವಿಧಾನ: ಹೂಲಿಗೆ ಹೋಗುವುದು ಕಡ್ಡಾಯವಲ್ಲ. ಹಿಂದಿನವರ ಪ್ರಬಂಧ ಇದ್ದರೆ ಸಾಕು. ಅವರೂ ತಮ್ಮ ಹಿಂದಿನವರದನ್ನೇ ನೋಡಿ ಬರೆದಿರುತ್ತಾರೆ. ಪರಂಪರೆಯ ಸಂರಕ್ಷಣೆ ಎಂದರೆ ಇದೇ. ಹೋಗಲೇಬೇಕಾಗಿ ಬಂದರೆ ಕಾರಿನಿಂದ ಇಳಿಯದೆ ವೀಕ್ಷಿಸತಕ್ಕದ್ದು. ಇದಕ್ಕೆ ‘ವಸ್ತುನಿಷ್ಠ ದೂರ’ ಎನ್ನುತ್ತಾರೆ.

ವರ್ಗೀಕರಣ: ಪಾಳು ಐದು ಬಗೆ.

ಒಂದನೆಯದು, ಅಪಾಳು ಪಾಳು. ಉದಾಹರಣೆಗೆ ಪಂಚಲಿಂಗೇಶ್ವರ ಗುಡಿ. ಇದು ಬಿದ್ದಿಲ್ಲ, ಪೂಜೆಯೂ ನಡೆಯುತ್ತದೆ. ಆದರೂ ಇದನ್ನು ಸೇರಿಸಬೇಕು, ಪುಸ್ತಕದ ಮುಖಪುಟಕ್ಕೆ ಚಿತ್ರ ಬೇಕಲ್ಲ.

ಎರಡನೆಯದು, ಕಂಟಕಾವೃತ ಪಾಳು. ಜಾಲಿಕಂಟಿಯ ನಡುವೆ ಶಿಖರವಿಲ್ಲದೆ ನಿಂತ ಗುಡಿಗಳು. ಉಪವಿಭಾಗಗಳು: ಒಳಹೊಕ್ಕರೆ ಅಂಗಿ ಹರಿಯುವಂಥವು, ಚರ್ಮ ಹರಿಯುವಂಥವು.

ಮೂರನೆಯದು, ನವಲಿಪ್ಯಂಕಿತ ಪಾಳು. ಕನ್ನಡಿಯಂತೆ ನುಣುಪು ಬರುವ ಹಾಗೆ ಚಾಲುಕ್ಯರ ಕಾಲದ ಕಲ್ಲುಕುಟಿಗರು ತಿರುವಿ ನಿಲ್ಲಿಸಿದ ಕಂಬದ ನಡುಪಟ್ಟಿಯ ಮೇಲೆ ಮೊಳೆಯಿಂದ ಗೀಚಿದ ಹೃದಯ, ಅದರ ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು. ಬಲದ ಹೆಸರನ್ನು ಯಾರೋ ಆಮೇಲೆ ಕೆರೆದು ಅಳಿಸಿ ಬೇರೆ ಬರೆದಿದ್ದಾರೆ. ಪಠ್ಯಾಂತರ ಶೋಧಕರಿಗೆ ಇಲ್ಲಿ ವಿಪುಲ ಅವಕಾಶವಿದೆ.

ನಾಲ್ಕನೆಯದು, ಉತ್ಖನಿತ ಪಾಳು. ನಿಧಿಯ ಆಸೆಗೆ ಅಮಾವಾಸ್ಯೆ ರಾತ್ರಿ ಪೀಠ ಕಿತ್ತು ಲಿಂಗವನ್ನು ಮಗ್ಗಲಿಗೆ ಉರುಳಿಸಿದ ಹಾಳುಗುಡಿಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಇದಕ್ಕೂ ಒಂದು ಪರಿಭಾಷೆ ಹೊಸೆಯಬಹುದಿತ್ತು. ಹೊಸೆಯಲು ಮನಸ್ಸು ಬರುತ್ತಿಲ್ಲ. ಐದನೆಯದು ಬೇಡ.

ಒಮ್ಮೆ ಒಂದು ವಿಚಾರ ಸಂಕಿರಣದಲ್ಲಿ ಕೂತಿದ್ದೆ. ವೇದಿಕೆಯ ಮೇಲಿನವರು ‘ಭಗ್ನತೆಯ ಸೌಂದರ್ಯಮೀಮಾಂಸೆ’ಯನ್ನು ಮುಕ್ಕಾಲು ತಾಸು ಓದಿದರು. ಹಿಂದಿನ ಸಾಲಿನಿಂದ ಒಬ್ಬ ಮಾಸ್ತರರು ಎದ್ದು, “ಸರ್, ಆ ಗುಡೀ ಮ್ಯಾಲಿನ ಗಿಡಾ ಯಾವಾಗ ಕಡಸ್ತಾರಂತ್ರೀ?” ಎಂದು ಕೇಳಿದರು. ಪ್ರಶ್ನೋತ್ತರಕ್ಕೆ ವೇಳೆಯಿಲ್ಲ ಎಂದು ಸನ್ಮಾನಕ್ಕೆ ಹೊರಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಆ ಬುಟ್ಟಿಯ ದುಡ್ಡಿನಲ್ಲಿ ಒಬ್ಬ ಆಳು ದಿನವಿಡೀ ಕಂಟಿ ಕಡಿಯುತ್ತಿದ್ದ!

ಹೂಲಿಯೇನು ಸಣ್ಣ ಊರಾಗಿತ್ತೇ? ಸಾಸಿರ ಮಹಾಜನರಿದ್ದ ಅಗ್ರಹಾರ. ಪಕ್ಕದ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ರಟ್ಟರ ರಾಜಧಾನಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಎಲ್. ಡಿ. ಬಾರ್ನೆಟ್ ಹೂಲಿಯ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ನಮಗೆ ಸವದತ್ತಿಯಿಂದ ಒಂಬತ್ತು ಕಿಲೋಮೀಟರ್ ದೂರವಾಯಿತು.

ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟುತ್ತದೆ ಎಂದು ಅಂದಿನ ಶಾಸನಗಳು ಹೆದರಿಸುತ್ತಿದ್ದವು. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು 2010ರಲ್ಲಿ ತಿದ್ದುಪಡಿಯಾದ 1958ರ ಕಾಯ್ದೆ ಹೆದರಿಸುತ್ತದೆ. ಗೋಡೆಯ ಸಂದಿಗೆ ಇಳಿದ ಆಲದ ಬೇರಿಗೆ ಎರಡನ್ನೂ ಓದಲು ಬರುವುದಿಲ್ಲ.

ಕಿತ್ತೂರಿನ ವಾಡೆಯೂ ಹಾಳೇ. ಅಲ್ಲಿ 1824ರ ಯುದ್ಧವಿದೆ, ಅಕ್ಟೋಬರಿನಲ್ಲಿ ಉತ್ಸವವಿದೆ, ಬೈಯಲು ಬ್ರಿಟಿಷರಿದ್ದಾರೆ. ಹೂಲಿಗೆ ಬೈಯಲು ಒಬ್ಬ ವೈರಿಯೂ ಇಲ್ಲ. ಕೈಕಟ್ಟಿ ಕೂತು ಬೀಳಿಸಿದವರು ನಾವೇ.

ಭರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ‘ಉಧೋ ಉಧೋ’ ಎನ್ನುತ್ತ ಲಕ್ಷಗಟ್ಟಲೆ ಜನ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುತ್ತೀರಿ. ಹಡ್ಡಲಿಗೆ ತುಂಬಿ ಊಟವಾದ ಮೇಲೆ ಒಂದು ತಾಸು ಹೂಲಿಗೆ ಹೋಗಿ ಬನ್ನಿ. ಪ್ರಬಂಧ ಬರೆಯಬೇಡಿ. ಪುರಾತತ್ವ ಇಲಾಖೆಗೆ ಒಂದು ಕಾರ್ಡು ಬರೆಯಿರಿ: ಗಿಡ ಕಡಿಸಿರಿ, ಬಿದ್ದ ಕಲ್ಲು ಎತ್ತಿ ನಿಲ್ಲಿಸಿರಿ, ಒಬ್ಬ ಕಾವಲುಗಾರನನ್ನು ಇಡಿರಿ.