ಸೀಸೆಯಲ್ಲಿ ಬಂದ ಬಿ3

ಪಿಂಚಣಿ ತಿನ್ನುವ ನಮ್ಮಂಥವರು ವರ್ಷಕ್ಕೊಮ್ಮೆ ಜೀವಂತ ಇದ್ದೇವೆಂದು ರುಜುವಾತು ಕೊಡಬೇಕಲ್ಲ, ಈಗ ಅದೂ ಮೊಬೈಲಿನಲ್ಲೇ. ಮುಖ ತೋರಿಸಿ ಕಣ್ಣು ಮಿಟುಕಿಸಿದರಾಯಿತು. ಮಿಟುಕಿಸಿದೆ, ಒಪ್ಪಲಿಲ್ಲ. ಕಿಟಕಿಯ ಬೆಳಕಿಗೆ ಹೋಗಿ ಮಿಟುಕಿಸಿದೆ. ಎದುರು ಮನೆಯವರು ಬಾಗಿಲು ಹಾಕಿಕೊಂಡರೇ ಹೊರತು ಮೊಬೈಲು ಒಪ್ಪಲಿಲ್ಲ. ಕಾಲೇಜಿಗೆ ಹೋಗುವ ಮೊಮ್ಮಗಳು ಬಂದು ನನ್ನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, "ಅಜ್ಜಾ, ಮಾರಿ ತುಂಬ ಕಲಿ ಬಿದ್ದಾವ. ನಯಾಸಿನಮೈಡ್ ಹಚ್ಚಬೇಕು ನೋಡು" ಅಂದಳು.

ಸಂಜೆಯೊಳಗೆ ಪುಟ್ಟ ಸೀಸೆ ಬಂತು, ಡ್ರಾಪರ್ ಸಮೇತ. ಬೆಲೆ ಓದಿದ ಮೇಲೆ ಅದನ್ನು ಹನಿ ಎಣಿಸಿ ಹಚ್ಚುವುದೇಕೆಂದು ಅರ್ಥವಾಯಿತು.

ವಿಟಮಿನ್ನುಗಳಲ್ಲೂ ಪಂಕ್ತಿಭೇದ ಉಂಟು. ಎ ಅಂದರೆ ಗಜ್ಜರಿ, ಸಿ ಅಂದರೆ ಲಿಂಬೆ, ಡಿ ಅಂದರೆ ಬಿಸಿಲು ಎಂದು ಶಾಲೆಯ ಮಕ್ಕಳೂ ಹೇಳುತ್ತವೆ. ಬಿ ಗುಂಪಿನ ಮೂರನೆಯದನ್ನು ಯಾರೂ ವಿಚಾರಿಸುವುದಿಲ್ಲ. ನಯಾಸಿನಮೈಡ್ ಎಂಬುದು ಅದರದೇ ಒಂದು ರೂಪ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸುವ ಕೋಶಗಳಿವೆಯಂತೆ. ತಯಾರಾದದ್ದು ಸಣ್ಣ ಪೊಟ್ಟಣಗಳಲ್ಲಿ ಸುತ್ತಲಿನ ಕೋಶಗಳಿಗೆ ಸಾಗುತ್ತದೆ. ಬಿ3 ತಯಾರಿಕೆಯ ತಂಟೆಗೆ ಹೋಗದೆ ಸಾಗಾಟವನ್ನಷ್ಟೇ ತಗ್ಗಿಸುತ್ತದೆ. ಗಿರಣಿ ನಡೆದೇ ಇದೆ, ಲಾರಿಯವರು ಮುಷ್ಕರ ಹೂಡಿದ್ದಾರೆ ಅಂದಂತೆ. ಮೇಲಾಗಿ ಸೆರಮೈಡ್ ಎಂಬ ಜಿಡ್ಡನ್ನು ಹೆಚ್ಚಿಸಿ ಚರ್ಮದ ತೇವ ಆರದಂತೆ ಕಾಯುತ್ತದೆ. ವಿಟಮಿನ್ ಸಿಯ ಹಾಗೆ ಗಾಳಿ, ಬೆಳಕು ತಾಕಿ ಕೆಡುವ ನಾಜೂಕೂ ಇದಕ್ಕಿಲ್ಲ. ನೂರಕ್ಕೆ 2ರಿಂದ 5 ಪಾಲು ಇದ್ದರೆ ಸಾಕು. ಆದರೆ ವಾರಗಟ್ಟಲೆ ಹಚ್ಚಬೇಕು, ಬಿಸಿಲಿಗೆ ಹೊರಟರೆ ಸನ್‌ಸ್ಕ್ರೀನ್ ಬೇರೆ. ಇಷ್ಟೂ ಮೊಮ್ಮಗಳ ಪಾಠ.

ಪಾಠ ಕೇಳುತ್ತ ನನ್ನ ತಲೆ ಪೆಲಾಗ್ರದ ಕಡೆ ಹೋಯಿತು. ಬಿ3 ಸಾಲದೆ ಬರುವ ಬೇನೆ ಅದು. ಬಿಸಿಲು ಬಿದ್ದಲ್ಲೆಲ್ಲ ಚರ್ಮ ಕಪ್ಪಿಟ್ಟು ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಅಮೆರಿಕದ ದಕ್ಷಿಣದಲ್ಲಿ ಮೆಕ್ಕೆಜೋಳವನ್ನೇ ನಂಬಿದ್ದ ಸಾವಿರಾರು ಬಡವರು ಇದರಿಂದ ಸತ್ತರು. 1914ರಲ್ಲಿ ಸರ್ಕಾರ ಅಲ್ಲಿಗೆ ಕಳಿಸಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳಲ್ಲಿ ಕಂಡದ್ದೇನು? ಮಕ್ಕಳಿಗೆ ಬೇನೆ, ಸಿಬ್ಬಂದಿಗೆ ಇಲ್ಲ. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದ. ಬಹಳ ಮಂದಿ ನಂಬಲಿಲ್ಲ. 1916ರಲ್ಲಿ ಪುಣ್ಯಾತ್ಮ ರೋಗಿಗಳ ರಕ್ತ ಚುಚ್ಚಿಸಿಕೊಂಡು, ಅವರ ಚರ್ಮದಿಂದ ಉದುರಿದ ಹೊಟ್ಟನ್ನು ಗುಳಿಗೆ ಕಟ್ಟಿ ನುಂಗಿದ. ಹೆಂಡತಿಯೂ ರಕ್ತ ಚುಚ್ಚಿಸಿಕೊಂಡಳು. ಇಬ್ಬರಿಗೂ ಪೆಲಾಗ್ರ ಬರಲಿಲ್ಲ. ಈ ದಾಂಪತ್ಯದ ಆದರ್ಶವನ್ನು ನನ್ನಾಕೆಗೆ ವಿವರಿಸಿದೆ. "ನಿಮ್ಮ ಸಲುವಾಗಿ ನಾ ಜ್ವರದ ಗುಳಿಗಿನೂ ನುಂಗೂದಿಲ್ಲ" ಅಂದಳು.

ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡ. ಕೊರತೆ ಬಿ3ಯದೆಂದು ತಿಳಿದದ್ದು 1937ರಲ್ಲಿ, ವಿಸ್ಕಾನ್ಸಿನ್‌ನ ವಿಜ್ಞಾನಿ ಕಾನ್ರಾಡ್ ಎಲ್ವೆಯೆಮ್ ಪೆಲಾಗ್ರದಂಥದೇ ಆದ ನಾಯಿಗಳ ಕಪ್ಪುನಾಲಿಗೆ ಬೇನೆಯನ್ನು ಅದರಿಂದ ಗುಣಪಡಿಸಿದ ಮೇಲೆ.

ನಮ್ಮ ದಖ್ಖನ್ನಿನಲ್ಲೂ ಬರೀ ಜೋಳ ತಿಂದ ಬಡವರಿಗೆ ಪೆಲಾಗ್ರ ಬರುತ್ತಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅದನ್ನು ಅಭ್ಯಾಸ ಮಾಡಿ, ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಕಡೆ ಬೊಟ್ಟು ಮಾಡಿದರು. ಆ ವಾದಕ್ಕೆ ಆಮೇಲೆ ತಕರಾರೂ ಬಂತೆನ್ನಿ. ಜೋಳದ ರೊಟ್ಟಿಯ ಮೇಲೆ ಆಪಾದನೆ ಬಂದರೆ ವಿಜಯಪುರದ ಕಡೆಯ ನಾನು ಸುಮ್ಮನಿರಲುಂಟೆ? ನಮ್ಮಲ್ಲಿ ರೊಟ್ಟಿ ಒಂಟಿಯಾಗಿ ತಟ್ಟೆಗಿಳಿಯುವುದಿಲ್ಲ, ಪಕ್ಕದಲ್ಲಿ ಶೇಂಗಾ ಹಿಂಡಿ ಇರಬೇಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ಬಿ3. ತಪ್ಪು ರೊಟ್ಟಿಯದಲ್ಲ, ಹಿಂಡಿಗೂ ಗತಿಯಿಲ್ಲದ ಬಡತನದ್ದು.

"ಹಂಗಾರ ಹಿಂಡಿ ತಿಂದ್ರ ಮುಗೀತಲ್ಲ, ಈ ಸೀಸೆ ಯಾಕ?" ನನ್ನಾಕೆಯ ಪ್ರಶ್ನೆ. ಹೊಟ್ಟೆಗೆ ಸಾಕಷ್ಟು ಸಿಗುವವರು ಇನ್ನಷ್ಟು ತಿಂದರೆ ಕಲೆ ಮಾಸುವುದಿಲ್ಲ, ಮುಖದ್ದು ಮುಖಕ್ಕೇ ಹಚ್ಚಬೇಕು ಎಂದಳು ಮೊಮ್ಮಗಳು. ನ್ಯಾಯವಾದ ಮಾತು. ಆದರೆ ಹೀಗೆ ಹನಿ ಎಣಿಸಿ ಹಚ್ಚುವ ಹುಡುಗಿ ಬೆಳಗ್ಗೆ ಬರೀ ಚಹಾ ಕುಡಿದು ಕಾಲೇಜಿಗೆ ಓಡುತ್ತಾಳೆ. ಗೋಲ್ಡ್‌ಬರ್ಗರ್ ನಮ್ಮ ಮನೆಗೆ ಬಂದಿದ್ದರೆ ಅವಳ ಸೀಸೆ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದ. ನಾನೊಂದು ಚೀಟಿ ತೆಗೆದುಕೊಂಡು, 'ಬಿ3: ಒಳಸೇವನೆಗೆ ಮಾತ್ರ' ಎಂದು ಬರೆದು ಹಿಂಡಿಯ ಡಬ್ಬಿಗೆ ಅಂಟಿಸಿದೆ. ಮೊಮ್ಮಗಳು ಓದಿ ನಕ್ಕಳು; ನಗುತ್ತಲೇ ಎರಡನೇ ರೊಟ್ಟಿ ಕೇಳಿದಳು.